ಗೋಡೆಯ ಮೇಲಣ ನೀರುಹಕ್ಕಿಗಳು

ಹಳೆಯ ಪಕ್ಷಿಗ್ರಂಥಗಳ ಬಣ್ಣದ ಹಾಳೆಗಳಿಗೆ ಚೌಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕುವ ಅಭಿರುಚಿ ನಗರವಾಸಿಗಳಲ್ಲಿ ಬೆಳೆದಿದೆ. ಅವುಗಳಲ್ಲಿ ಬಾತು, ಹೆಬ್ಬಾತು, ಜಕ್ಕವಕ್ಕಿಗಳ ಚಿತ್ರಗಳಿಗೆ ವಿಶೇಷವಾದ ಮನ್ನಣೆ. ಜೊಂಡಿನ ನಡುವೆ ನಿಶ್ಚಲವಾಗಿ ನಿಂತ ಒಂದು ಜೋಡಿ ಹಕ್ಕಿ, ಹಿಂದೆ ತೆಳುವಾದೊಂದು ನೀರಿನ ಗೆರೆ. ಇಷ್ಟರಿಂದಲೇ ಗೋಡೆಗೆ ಒಂದು ಪ್ರಶಾಂತತೆ ಬರುತ್ತದೆ. ಆದರೆ ಈ ಚಿತ್ರಗಳನ್ನು ಬರೆದುದು ಹಕ್ಕಿಯನ್ನು ಗುರುತಿಸುವುದಕ್ಕಾಗಿ. ಆದುದರಿಂದ ಅವುಗಳ ಅಂದವನ್ನು ಮೆಚ್ಚುವಾಗ ಅವು ಎಷ್ಟರಮಟ್ಟಿಗೆ ನಿಜವೆಂದು ವಿಚಾರಿಸುವುದೂ ನ್ಯಾಯವಾದುದೇ.

ಭಾರತದ ಹಕ್ಕಿಗಳ ಚಿತ್ರಣದಲ್ಲಿ ಎರಡು ಪರಂಪರೆಗಳನ್ನು ಕಾಣುತ್ತೇವೆ. ಮೊದಲನೆಯದು ಕಲ್ಕತ್ತೆಯದು. ಅಲ್ಲಿನ ಮುಖ್ಯ ನ್ಯಾಯಾಧೀಶರ ಪತ್ನಿ ಮೇರಿ ಇಂಪಿಯವರು ತಮ್ಮ ತೋಟದಲ್ಲಿ ಅನೇಕ ಪ್ರಾಣಿಪಕ್ಷಿಗಳನ್ನು ಸಾಕಿ, 1777ರಿಂದ ಕೆಲವು ವರ್ಷ ಅವುಗಳ ಚಿತ್ರಗಳನ್ನು ಬರೆಯಿಸಿದರು. ಪಾಟ್ನಾ ಕಡೆಯ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್ ಎಂಬ ಮೂವರು ಕಲಾವಿದರು ಮೊಗಲ್ ಶೈಲಿಯ ಸೂಕ್ಷ್ಮತೆಯನ್ನು ಇಂಗ್ಲಿಷ್ ಕಾಗದದ ಮೇಲೆ ಇಳಿಸಿದರು. ಕಣ್ಣೆದುರಿಗೆ ಸಜೀವವಾಗಿದ್ದ ಹಕ್ಕಿಗಳನ್ನು ಅವರು ನೋಡಿ ಬರೆಯಬಹುದಾಗಿತ್ತು.

ಎರಡನೆಯದು ಲಂಡನ್ನಿನ ಅಚ್ಚಿನ ಪರಂಪರೆ. ಏ. ಓ. ಹ್ಯೂಮ್ ಮತ್ತು ಸಿ. ಎಚ್. ಟಿ. ಮಾರ್ಷಲ್ ಅವರು ಭಾರತ, ಬರ್ಮಾ, ಸಿಂಹಳಗಳ ಬೇಟೆಯ ಹಕ್ಕಿಗಳನ್ನು ಕುರಿತು 1879ರಿಂದ 1881ರವರೆಗೆ ಮೂರು ಸಂಪುಟಗಳನ್ನು ಪ್ರಕಟಿಸಿದರು. 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣರಾದ ಹ್ಯೂಮರೇ ಇವರು. ಚಿತ್ರಗಳು ಸಿದ್ಧವಾದುದು ದೂರದ ಇಂಗ್ಲೆಂಡಿನಲ್ಲಿ. ಅಂತಹ ಕಲಾವಿದರಿಗೆ ಸಾಮಾನ್ಯವಾಗಿ ದೊರೆಯುತ್ತಿದ್ದ ಆಧಾರವೆಂದರೆ ಹತ್ತಿ ತುಂಬಿದ ಒಣ ಚರ್ಮ. ಹಕ್ಕಿ ಸತ್ತ ಮೇಲೆ ಗರಿಗಳ ಬಣ್ಣ ಬಹುಮಟ್ಟಿಗೆ ಉಳಿದರೂ, ಕೊಕ್ಕು, ಕಾಲು, ಕಣ್ಣುಗಳ ಬಣ್ಣ ಬೇಗನೆ ಕೆಡುತ್ತದೆ. ನಮ್ಮ ಕೆರೆಗಳ ಚುಕ್ಕೆಕೊಕ್ಕಿನ ಬಾತನ್ನೇ ತೆಗೆದುಕೊಳ್ಳೋಣ. ಕಪ್ಪು ಕೊಕ್ಕಿನ ತುದಿಯಲ್ಲಿ ಹಳದಿ, ಬುಡದಲ್ಲಿ ಎರಡು ಕೆಂಪು ಚುಕ್ಕೆ, ಕೆಂಪು ಛಾಯೆಯ ಕಾಲುಗಳು. ಇವೇ ಅದರ ಗುರುತು. ಒಣ ಚರ್ಮದಲ್ಲಿ ಮೊದಲು ಮಾಸುವುವೂ ಇವೇ. ಇದನ್ನರಿತ ಹ್ಯೂಮರು ಕಲಾವಿದರಿಗೆ ಬಣ್ಣಗಳ ವಿವರಗಳನ್ನು ಬರೆದು ಕಳುಹಿಸಿದ್ದರು. ಆದರೂ ಹಲವು ಚಿತ್ರಗಳು ಅವರಿಗೆ ತೃಪ್ತಿ ಕೊಡಲಿಲ್ಲ. ಅವುಗಳ ಕುಂದುಗಳನ್ನು ಅದೇ ಗ್ರಂಥದಲ್ಲಿಯೇ ಅವರು ಬರೆದರು.

ಅಚ್ಚಿನ ಕ್ರಮವನ್ನೂ ತಿಳಿದಿರುವುದು ಒಳ್ಳೆಯದು. ಸುಣ್ಣಕಲ್ಲಿನ ಫಲಕದ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು ಕಲ್ಲನ್ನು ಒದ್ದೆಮಾಡಿದರೆ, ಮಸಿ ಜಿಡ್ಡಿರುವೆಡೆಯಲ್ಲಿ ಮಾತ್ರ ಹಿಡಿಯುತ್ತದೆ. ಬಣ್ಣದಚ್ಚಿಗೆ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು; ಹಾಳೆ ಕೂದಲೆಳೆಯಷ್ಟು ಸರಿದರೂ ರೆಕ್ಕೆಯ ಅಂಚು ಕದಡುತ್ತದೆ. ಕೊಳ್ಳುವವರು ಭೂತಗನ್ನಡಿಯಿಂದ ಪರೀಕ್ಷಿಸಬಹುದು. ಕಲ್ಲಚ್ಚಿನಲ್ಲಿ ಕಲ್ಲಿನ ಅಕ್ರಮವಾದ ಕಣಗಳೂ, ಈ ಕಾಲದ ಸಾಮಾನ್ಯ ಪ್ರತಿಯಲ್ಲಿ ಸಾಲುಗಟ್ಟಿದ ಸಣ್ಣ ಚುಕ್ಕೆಗಳೂ ಕಾಣುತ್ತವೆ.

ಈ ಚಿತ್ರಗಳ ಬೆಲೆ ಎಷ್ಟೆಂಬುದನ್ನು ಗುಲಾಬಿ ತಲೆಯ ಬಾತು ನಮಗೆ ಕಲಿಸುತ್ತದೆ. ಗಂಗೆಯ ಬಯಲಿನ ಜೌಗುಗಳಲ್ಲಿ ಬಾಳುತ್ತಿದ್ದ ಈ ಹಕ್ಕಿಯ ಮೈ ಕಂದು, ಕುತ್ತಿಗೆ ಮತ್ತು ತಲೆ ಗುಲಾಬಿ. 1790ರಲ್ಲಿ ಜಾನ್ ಲೇಥಮ್ ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದರು. 1908ರಲ್ಲಿ ಪ್ರಕಟವಾದ ಸ್ಟುವರ್ಟ್ ಬೇಕರರ ಬಾತುಗಳ ಗ್ರಂಥಕ್ಕಾಗಿ ಹೆನ್ರಿಕ್ ಗ್ರೋನ್‌ವೋಲ್ಡ್ ಇದರ ಚಿತ್ರ ಬರೆದರು. ಕಾಡಿನಲ್ಲಿ ಇದನ್ನು ನಿಸ್ಸಂದೇಹವಾಗಿ ಕಂಡುದು ಬಿಹಾರದ ದರ್ಭಂಗಾ ಪ್ರದೇಶದಲ್ಲಿ, 1935ರಲ್ಲಿ; ಅದೇ ಕೊನೆ. ಈಗ ಈ ಬಾತನ್ನು ಕಾಣಬೇಕಾದರೆ ವಸ್ತುಸಂಗ್ರಹಾಲಯದ ಚರ್ಮಗಳಿಗೋ ಇಂತಹ ಹಾಳೆಗಳಿಗೋ ಮೊರೆಹೋಗಬೇಕು. ಅಲಂಕಾರವೆಂದು ನಾವು ತೂಗುಹಾಕಿದ ಹಾಳೆ ಹೀಗೆ ಸಾಕ್ಷ್ಯಪತ್ರವೂ ಆಗಿಬಿಡುತ್ತದೆ.

ಸಾಕ್ಷ್ಯವನ್ನು ಕೆಡಿಸುವ ವ್ಯಾಪಾರವೂ ಉಂಟು. ಇಡಿಯ ಗ್ರಂಥಕ್ಕಿಂತ ಬಿಡಿ ಚಿತ್ರಗಳಿಂದ ಹೆಚ್ಚು ಹಣ ಬರುವಲ್ಲಿ ಹೊಲಿಗೆ ಬಿಚ್ಚಿ ಹಾಳೆಗಳನ್ನು ಬೇರ್ಪಡಿಸುತ್ತಾರೆ. ಚಿತ್ರ ಒಬ್ಬರ ಮನೆಗೆ ಹೋಗುತ್ತದೆ. ಹಕ್ಕಿ ಎಲ್ಲಿತ್ತು, ಏನು ತಿನ್ನುತ್ತಿತ್ತು, ಚಿತ್ರದಲ್ಲಿ ತಪ್ಪೇನು ಎಂದು ಹೇಳುವ ಬರಹ ಅನಾಥವಾಗುತ್ತದೆ. ಹ್ಯೂಮರ ತಿದ್ದುಪಡಿ ಕಳೆದ ಮೇಲೆ ತಪ್ಪು ಬಣ್ಣದ ಕೊಕ್ಕೇ ನಿಜವೆನಿಸಿಕೊಳ್ಳುತ್ತದೆ. ಗೋಡೆಗೆ ಒಳ್ಳೆಯ ಪ್ರತಿ ಸಾಕು. ಗ್ರಂಥ ಇಡಿಯಾಗಿ ಗ್ರಂಥಾಲಯದಲ್ಲಿರಲಿ. ಪ್ರತಿಯ ಕೆಳಗೆ ಹಕ್ಕಿಯ ಹೆಸರು, ಕಲಾವಿದನ ಹೆಸರು, ವರ್ಷ ಇವನ್ನು ಬರೆಯಿಸುವುದು ಉಚಿತ. ಮೂಲ ಹಾಳೆ ಈಗಾಗಲೇ ಮನೆಯಲ್ಲಿದ್ದರೆ ಬಿಸಿಲು ಬೀಳುವ ಗೋಡೆಯನ್ನೂ ತೇವದ ಗೋಡೆಯನ್ನೂ ತಪ್ಪಿಸಬೇಕು; ಗಾಜು ಕಾಗದಕ್ಕೆ ತಾಗದಂತೆ ನಡುವೆ ಆಮ್ಲರಹಿತವಾದ ದಪ್ಪ ರಟ್ಟಿನ ಅಂಚು ಕೊಡಿಸಬೇಕು.

ಮೈಸೂರಿಗೆ ಸಮೀಪದ ರಂಗನತಿಟ್ಟು 1940ರಲ್ಲಿ, ಸಲೀಂ ಅಲಿಯವರ ಸಲಹೆಯಂತೆ, ಪಕ್ಷಿಧಾಮವಾಯಿತು. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುವುದುಂಟು. ಗೋಡೆಯ ಚಿತ್ರದಿಂದ ಕಣ್ಣು ಪಳಗಿಸಿಕೊಂಡವರು ಒಂದು ಮುಂಜಾನೆ ಅಂತಹ ಕೆರೆಯ ಏರಿಯ ಮೇಲೆ ನಿಂತು, ಕೊಕ್ಕಿನ ಬಣ್ಣವನ್ನು ಹಕ್ಕಿಯಲ್ಲಿಯೇ ಒರೆಹಚ್ಚಿ ನೋಡಲಿ. ಆ ಕೆರೆಗಳಲ್ಲಿ ನೀರೂ ಜೊಂಡೂ ಉಳಿದಿರುವವರೆಗೆ ನಮ್ಮ ಬಾತುಗಳಿಗೆ ಚೌಕಟ್ಟೊಂದೇ ಗತಿಯಾಗಬೇಕಾಗಿಲ್ಲ.