ಮೂಗು ಸುಮ್ಮನಾದ ಹೊತ್ತು

ಕೇರಳದ ಎರ್ನಾಕುಲಂನಿಂದ ತೃಪ್ಪೂಣಿತ್ತುರ ದಾಟಿ ಮುಂದೆ ಹೋದರೆ ಅಂಬಲಮುಗಳ್ ಸಿಗುತ್ತದೆ. 1966ರಲ್ಲಿ ಇಲ್ಲಿ ತೈಲ ಶುದ್ಧೀಕರಣ ಶುರುವಾಯಿತು. ಈಗ ಬಿಪಿಸಿಎಲ್‌ನ ಕೊಚ್ಚಿ ರಿಫೈನರಿ ವರ್ಷಕ್ಕೆ 1.55 ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸಬಲ್ಲದು. ಇಂಥ ಕಾರ್ಖಾನೆಗೆ, ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಸೇರಿದಂತೆ ಎಲ್ಲಿಯದೇ ಆಗಲಿ, ಹೊಸದಾಗಿ ಸೇರಿದವರು ಕಲಿಯಲೇಬೇಕಾದ ಪಾಠ ಒಂದಿದೆ: ಮೂಗನ್ನು ನಂಬಬೇಡಿ. ಮೈಮನಸ್ಸುಗಳ ಬಗ್ಗೆ ನಾವು ಇಟ್ಟುಕೊಂಡಿರುವ ಹಲವು ನಂಬಿಕೆಗಳನ್ನು ತಿದ್ದಲು ಆ ಪಾಠ ಸಾಕು.

ತಪ್ಪು ಕಲ್ಪನೆ: ಮೈಗೆ ಏನಾದರೂ ಆದರೆ ಗೊತ್ತಾಗಿಯೇ ಆಗುತ್ತದೆ. ಗೊತ್ತಾಗದಿದ್ದರೆ ಎಲ್ಲ ಸರಿಯಿದೆ.

ಸತ್ಯ: ಕಚ್ಚಾ ತೈಲದ ಗಂಧಕವನ್ನು ತೆಗೆಯುವಾಗ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತದೆ. ಚೂರೇ ಚೂರು ಇದ್ದರೂ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಆದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು ನೂರು ಪಾಲು ಈ ಅನಿಲ ಸೇರಿತೆಂದರೆ ಕೆಲವೇ ನಿಮಿಷಗಳಲ್ಲಿ ವಾಸನೆ ಮಾಯ. ಅನಿಲ ಹೋಗಿರುವುದಿಲ್ಲ, ಮೂಗು ಸೋತಿರುತ್ತದೆ. ವಾಸನೆ ನಿಂತಿತೆಂದು ನೆಮ್ಮದಿಯ ಉಸಿರೆಳೆದವನು ಅಲ್ಲೇ ಕುಸಿಯಬಹುದು. ಅದಕ್ಕೇ ಕೆಲಸಗಾರರು ಅಂಗಿಗೆ ಸಿಕ್ಕಿಸಿಕೊಂಡ, ಅನಿಲ ಅಳೆಯುವ ಪುಟ್ಟ ಯಂತ್ರದ ಮಾತು ಕೇಳುತ್ತಾರೆ.

ರಕ್ತದೊತ್ತಡದ ಕಥೆಯೂ ಇದೇ. ಸಿಟ್ಟು ಬಂದಾಗ “ಬಿಪಿ ಏರ್ತಿದೆ” ಎನ್ನುತ್ತೇವಲ್ಲ, ಆ ಏರಿಕೆ ತುಸು ಹೊತ್ತಿನದು. ನಿಜವಾದ ಕಾಯಿಲೆಯ ಬಿಪಿ ಹೆಚ್ಚಾಗಿ ಮಾತಾಡುವುದೇ ಇಲ್ಲ. ಅಧಿಕ ರಕ್ತದೊತ್ತಡ ಇರುವ ವಯಸ್ಕರಲ್ಲಿ ಸುಮಾರು ಶೇ. 44 ಮಂದಿಗೆ ಅದು ಇರುವುದೇ ತಿಳಿದಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ನರಗಳು ಸೊರಗಿ, ಹೃದಯಾಘಾತವೂ ಎದೆನೋವಿಲ್ಲದೆ ಬರಬಹುದು: ಬರೀ ಬೆವರು, ಸುಸ್ತು, ಏದುಸಿರು. ಇನ್ನು ನೋವು ಬಂದಾಗ ನಾವು ಮಾಡುವುದೇನು? “ಗ್ಯಾಸ್ಟ್ರಿಕ್ ಇರಬೇಕು” ಎಂದು ಜೀರಿಗೆ ನೀರು ಕುಡಿದು ಮಲಗುತ್ತೇವೆ. ಗ್ಯಾಸೋ ಹೃದಯವೋ ಎಂದು ಹೇಳಬೇಕಾದವರು ಇಸಿಜಿ ನೋಡಿದ ವೈದ್ಯರು, ನಾವಲ್ಲ. ಈ ಒಂದು ಮಾತನ್ನು ಪ್ರತಿ ಮನೆಯ ಗೋಡೆಯ ಮೇಲೆ ಬರೆಯಬೇಕೆಂದು ನನಗೆ ಅನ್ನಿಸುತ್ತದೆ.

ತಪ್ಪು ಕಲ್ಪನೆ: ಮೈ ಬೇರೆ, ಮನಸ್ಸು ಬೇರೆ.

ಸತ್ಯ: ಹೀಗೆ ಭಾಗ ಮಾಡುವುದನ್ನು ಕನ್ನಡ ಎಂದೂ ಒಪ್ಪಿಲ್ಲ. ದುಃಖಕ್ಕೆ ಎದೆ ಭಾರ, ಮರುಕಕ್ಕೆ ಕರುಳು ಚುರುಕ್, ಅಸೂಯೆಗೆ ಹೊಟ್ಟೆಕಿಚ್ಚು, ದಿಗಿಲಿಗೆ ಕೈಕಾಲು ತಣ್ಣಗೆ. ನಮ್ಮ ಅಜ್ಜಿಯಂದಿರು ಭಾವನೆಯನ್ನು ಅಂಗಾಂಗದ ವಿಳಾಸ ಕೊಟ್ಟೇ ಹೇಳುತ್ತಿದ್ದರು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ಫಿನ್ಲೆಂಡ್, ಸ್ವೀಡನ್, ತೈವಾನಿನ ಸುಮಾರು 700 ಜನರಿಗೆ ದೇಹದ ಚಿತ್ರ ಕೊಟ್ಟು, ಯಾವ ಭಾವನೆ ಎಲ್ಲಿ ಎದ್ದಿತೆಂದು ಬಣ್ಣ ತುಂಬಲು ಹೇಳಿದರು. ಭಾಷೆ ಬೇರೆಯಾದರೂ ನಕ್ಷೆಗಳು ಹೆಚ್ಚುಕಡಿಮೆ ಒಂದೇ ಬಂದವು. ಮಿದುಳಿನಿಂದ ಹೃದಯ, ಹೊಟ್ಟೆಗೆ ಇಳಿಯುವ ವೇಗಸ್ ನರದ ಎಳೆಗಳಲ್ಲಿ ಹತ್ತಕ್ಕೆ ಸುಮಾರು ಎಂಟು ಕೆಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯುವಂಥವು. ಮೇಲಿನ ಅಪ್ಪಣೆಗಿಂತ ಕೆಳಗಿನ ವರದಿಯೇ ಹೆಚ್ಚು.

ತಪ್ಪು ಕಲ್ಪನೆ: ನಾಲ್ಕು ತಿಂಗಳು ಕಳೆದರೆ ರಾತ್ರಿ ಪಾಳಿಗೆ ಮೈ ಒಗ್ಗಿಹೋಗುತ್ತದೆ.

ಸತ್ಯ: ಒಗ್ಗುವುದು ಮಾತು, ಮೈಯಲ್ಲ. ವರ್ಷಗಟ್ಟಲೆ ರಾತ್ರಿ ದುಡಿದವರಲ್ಲೂ ಹೆಚ್ಚಿನವರ ಒಳಗಡಿಯಾರ ಪೂರ್ತಿ ತಿರುಗುವುದಿಲ್ಲ. ಮನೆಗೆ ಮರಳುವ ದಾರಿಯ ಬೆಳಗಿನ ಬಿಸಿಲೇ ಅದನ್ನು ಮತ್ತೆ ಹಗಲಿಗೆ ತಿರುಗಿಸಿಬಿಡುತ್ತದೆ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಮೈಯ ಬಿಸಿ ತಗ್ಗಿ ಎಚ್ಚರ ಮಂಕಾಗುವುದು ಸೋಮಾರಿತನವಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿ ಪಾಳಿಯನ್ನು 2007ರಲ್ಲೂ 2019ರಲ್ಲೂ ‘ಬಹುಶಃ ಕ್ಯಾನ್ಸರ್ ತರಬಲ್ಲದು’ ಎಂಬ ಪಟ್ಟಿಯಲ್ಲೇ ಇರಿಸಿದೆ. ನಿದ್ದೆಗೆಟ್ಟ ಮಿದುಳು ಸಣ್ಣದಕ್ಕೂ ಸಿಡಿಯುತ್ತದೆ. ಪಾಳಿ ಮುಗಿಸಿ ಬಂದ ಅಪ್ಪ ಚೆಲ್ಲಿದ ಹಾಲಿಗಾಗಿ ಮಗುವಿನ ಮೇಲೆ ರೇಗಿದರೆ, ಅದು ಸ್ವಭಾವವೋ ಎಂಟು ಗಂಟೆಯ ನಿದ್ದೆಯ ಸಾಲವೋ ಎಂದು ಮನೆಯವರು ಒಮ್ಮೆ ಯೋಚಿಸಬೇಕು. ಅಪ್ಪನೂ ಯೋಚಿಸಬೇಕು.

ತಪ್ಪು ಕಲ್ಪನೆ: ಸಿಟ್ಟನ್ನು ಕಾರಿಬಿಟ್ಟರೆ ಮನಸ್ಸು ಹಗುರ.

ಸತ್ಯ: ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರ್ಯಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆಣಕಿದವರನ್ನು ನೆನೆಯುತ್ತ ಚೀಲಕ್ಕೆ ಗುದ್ದಿದವರ ಸಿಟ್ಟು ಹೆಚ್ಚಿತು. ಏನೂ ಮಾಡದೆ ಕುಳಿತವರೇ ಅವರಿಗಿಂತ ತಣ್ಣಗಿದ್ದರು. ಹಾಗೆಂದು ನುಂಗುವುದೂ ದಾರಿಯಲ್ಲ. ಮುಖ ಬಿಗಿದುಕೊಂಡರೂ ಒಳಗೆ ನರಮಂಡಲ ಕುದಿಯುತ್ತಲೇ ಇರುತ್ತದೆ.

ನಡುವೆ ಮೂರನೆಯದೊಂದಿದೆ: ಹೆಸರಿಡುವುದು. ಭಾವನೆಗೆ ಮಾತು ಹುಡುಕಿದಾಗ ಮಿದುಳಿನ ಅಮಿಗ್ಡಲ ಎಂಬ ಭಾಗದ ಉದ್ವೇಗ ತಗ್ಗುವುದನ್ನು ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ತೋರಿಸಿತು. ನಮಗಂತೂ ಹೆಸರಿಗೆ ಬರವಿಲ್ಲ: ಕಳವಳ, ದುಗುಡ, ಮುನಿಸು, ಸೆಡವು, ತಳಮಳ, ಹಳಹಳಿ, ಬೇಗುದಿ. ಇಷ್ಟನ್ನೂ ಇವತ್ತು “ಟೆನ್ಶನ್” ಎಂಬ ಒಂದೇ ಪದ ತಿಂದುಹಾಕಿದೆ. ಮಗಳ ಪರೀಕ್ಷೆಗೂ ಟೆನ್ಶನ್, ಅಮ್ಮನ ಸಾವಿಗೂ ಟೆನ್ಶನ್. ಕಾರ್ಖಾನೆಯವನ ಅಂಗಿಯ ಮೇಲಿನ ಯಂತ್ರ ಯಾವ ಅನಿಲ, ಎಷ್ಟು ಎಂದು ಹೇಳುತ್ತದೆ. ಒಳಗೆ ಏನಾಗುತ್ತಿದೆ ಎಂದು ಹೇಳುವ ನಮ್ಮ ಯಂತ್ರ ಈ ಪದಗಳೇ. ನಾವು ಅದನ್ನು ತುಕ್ಕು ಹಿಡಿಯಲು ಬಿಟ್ಟಿದ್ದೇವೆ.

ತಪ್ಪು ಕಲ್ಪನೆ: ಮೈಯ ಮಾತು ಕೇಳಲು ಶಿಬಿರಕ್ಕೆ ಹೋಗಬೇಕು, ಗಂಟೆಗಟ್ಟಲೆ ಧ್ಯಾನ ಮಾಡಬೇಕು.

ಸತ್ಯ: ಬೇಕಿಲ್ಲ. ಕಂಪನಿ ಬಸ್ಸಿನಲ್ಲಿ ಕುಳಿತಾಗ ದವಡೆ ಕಚ್ಚಿಕೊಂಡಿದ್ದೀರಾ, ಭುಜ ಕಿವಿಯ ಹತ್ತಿರ ಬಂದಿದೆಯೇ, ನೀರು ಕುಡಿದದ್ದು ಯಾವಾಗ ಎಂದು ನೋಡಿಕೊಳ್ಳಿ. ನಿಮಿಷಕ್ಕೆ ಸುಮಾರು ಆರರ ಲೆಕ್ಕದಲ್ಲಿ ಉಸಿರನ್ನು ನಿಧಾನಿಸಿ. ಕೆಲವರಿಗೆ ಎದೆಬಡಿತದ ಕಡೆ ಗಮನ ಕೊಟ್ಟಷ್ಟೂ ಗಾಬರಿ ಹೆಚ್ಚುತ್ತದೆ. ಅಂಥವರು ಒಳಗೆ ನೋಡುವ ಬದಲು ಕಾಲ ಕೆಳಗಿನ ನೆಲ, ಕೈಯಲ್ಲಿರುವ ಲೋಟದ ಬಿಸಿ ಗಮನಿಸಲಿ, ವೈದ್ಯರನ್ನೂ ಕಾಣಲಿ.

ಎದೆನೋವು, ತಣ್ಣನೆಯ ಬೆವರು ಬಂದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಎರಡು ವಾರ ಕಳೆದರೂ ದುಗುಡ ಇಳಿಯದಿದ್ದರೆ, ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ 14416 ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು.