ಬ್ರೇಕ್ ಒತ್ತಿದಾಗ ಪಿಕಪ್ ನಡುಗುತ್ತಿದೆಯೇ? ಡಿಸ್ಕ್ ಬದಲಿಸುವ ಮುನ್ನ ಇಷ್ಟು ನೋಡಿ

ಕಳೆದ ಮಳೆಗಾಲದ ಕೊನೆ. ಸಕಲೇಶಪುರದ ಕಡೆಯಿಂದ ಬೀನ್ಸ್, ಸೌತೆಕಾಯಿ ತುಂಬಿಕೊಂಡು ಮಂಗಳೂರಿಗೆ ಹೊರಟಿದ್ದೆ. ಶಿರಾಡಿ ಘಾಟಿಯ ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಕೈಯಲ್ಲೇ ಗಡಗಡ ನಡುಗಿತು. ಎದುರಿಗೆ ಟ್ಯಾಂಕರ್. ಗಾಡಿ ಹೇಗೋ ನಿಂತಿತು. ಪಕ್ಕದಲ್ಲಿದ್ದ ತಮ್ಮ ಗುಂಡ್ಯ ಬರುವವರೆಗೂ ಬಾಯಿ ಬಿಡಲಿಲ್ಲ.

ಗ್ಯಾರೇಜಿನಲ್ಲಿ "ಡಿಸ್ಕ್ ಬೆಂಡ್ ಆಗಿದೆ" ಅಂದರು. ಮುಂದಿನ ಎರಡೂ ಡಿಸ್ಕ್, ಪ್ಯಾಡ್ ಬದಲಿಸಿದೆ. ಎರಡೇ ತಿಂಗಳಲ್ಲಿ ಅದೇ ನಡುಕ ವಾಪಸ್!

ಓದಿದ್ದು ತೋಟಗಾರಿಕೆ. ಎಲೆ ಹಳದಿಯಾದ ಕೂಡಲೇ ಯೂರಿಯಾ ಹಾಕಬೇಡಿ ಅಂತ ಊರಿಗೆಲ್ಲ ಹೇಳುವವನು ನಾನು. ಹಳೆ ಎಲೆ ಹಳದಿಯಾದರೆ ಸಾರಜನಕದ ಕೊರತೆ ಇರಬಹುದು, ಚಿಗುರು ಹಳದಿಯಾದರೆ ಕಬ್ಬಿಣದ್ದಿರಬಹುದು. ಮೊದಲು ಎಲ್ಲಿ, ಯಾವಾಗ ಅಂತ ನೋಡಬೇಕು. ಗಾಡಿ ವಿಷಯದಲ್ಲಿ ಅದನ್ನೇ ಮರೆತಿದ್ದೆ.

ನಡುಕ ಎಲ್ಲಿ, ಯಾವಾಗ?

- ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ನಡುಗಿ, ಪೆಡಲ್ ಕೂಡ ಕಾಲಿಗೆ ಮಿಡಿದರೆ ಮುಂದಿನ ಡಿಸ್ಕ್ ಕಡೆ ಅನುಮಾನ.
- ಸ್ಟೇರಿಂಗ್ ಸುಮ್ಮನಿದ್ದು ಸೀಟು ನಡುಗಿದರೆ ಹಿಂದಿನ ಡ್ರಮ್ ನೋಡಿಸಿ.
- ಬ್ರೇಕ್ ಒತ್ತದಿದ್ದರೂ ವೇಗ ಹೆಚ್ಚಿದಂತೆ ನಡುಗಿದರೆ ಟೈರ್ ಅಥವಾ ವೀಲ್ ಬ್ಯಾಲೆನ್ಸ್. ಗದ್ದೆಯ ಕೆಸರು ರಿಮ್ಮಿನೊಳಗೆ ಒಣಗಿ ಕೂತರೂ ಹೀಗಾಗುತ್ತೆ, ಮೊದಲು ತೊಳೆದು ನೋಡಿ.
- ಎಬಿಎಸ್ ಇರುವ ಗಾಡಿಯಲ್ಲಿ ಜೋರಾಗಿ ಬ್ರೇಕ್ ಹೊಡೆದಾಗ ಪೆಡಲ್ ಟರಟರ ಅನ್ನುವುದು ಸಹಜ.

ಇನ್ನೊಂದು ಮಾತು. ಡಿಸ್ಕ್ ಬೆಂಡ್ ಅನ್ನುತ್ತೇವೆ, ಆದರೆ ಹೆಚ್ಚಿನ ಸಲ ಅದು ಬಾಗಿರುವುದಿಲ್ಲ. ಒಂದು ಕಡೆ ಹೆಚ್ಚು ಸವೆದಿರುತ್ತೆ, ಇಲ್ಲವೇ ಕಾದ ಪ್ಯಾಡಿನ ಪದರ ಅಲ್ಲಲ್ಲಿ ಅಂಟಿರುತ್ತೆ. ಕೂದಲೆಳೆಗಿಂತ ಕಮ್ಮಿ ವ್ಯತ್ಯಾಸವೂ ಕೈಗೆ ಗೊತ್ತಾಗುತ್ತೆ. ಹಾಗಾಗಿ ಡಿಸ್ಕ್ ಯಾಕೆ ಹೀಗಾಯ್ತು ಅನ್ನುವುದೇ ಮುಖ್ಯ ಪ್ರಶ್ನೆ.

ನೀವೇ ಮಾಡಬಹುದಾದ ಪರೀಕ್ಷೆ

1. ಬಿಸಿ: ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ. ರಿಮ್ ಮುಟ್ಟಬೇಡಿ, ಅಂಗೈ ಹತ್ತಿರ ಹಿಡಿದು ನೋಡಿ. ಒಂದು ಚಕ್ರ ಮಾತ್ರ ವಿಪರೀತ ಕಾದಿದ್ದರೆ ಆ ಕಡೆ ಕ್ಯಾಲಿಪರ್ ಹಿಡಿದುಕೊಂಡಿರಬಹುದು. ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆಯುವುದೂ ಇದರ ಗುರುತೇ.

2. ನಟ್: ಪಂಕ್ಚರ್ ಹಾಕಿಸಿದ ಮೇಲೆ ನಡುಕ ಶುರುವಾಯಿತೇ? ನಟ್‌ಗಳನ್ನು ಒಂದೊಂದು ಒಂದೊಂದು ಬಿಗಿಯಲ್ಲಿ ತಿರುಗಿಸಿದ್ದರೂ ಡಿಸ್ಕ್ ಓರೆಯಾಗುತ್ತೆ. ಎದುರುಬದುರಾಗಿ, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಸಿ.

3. ಅಲುಗಾಟ: ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಚಕ್ರ ಎತ್ತಿ. ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಡಿ. ಚಕ್ರದ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಡಿಲ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ-ಬಲ ಹಿಡಿದಾಗ ಸಡಿಲ ಇದ್ದರೆ ಟೈ ರಾಡ್ ಎಂಡ್.

ಮೂರನೆಯದರಲ್ಲಿ ಸಡಿಲ ಸಿಕ್ಕರೆ, ಅಥವಾ ಪೆಡಲ್ ಕೆಳಗಿಳಿದು ಹೋಗುತ್ತಿದ್ದರೆ, ಲೋಡ್ ಹಾಕಲೇಬೇಡಿ. ಮೆಕ್ಯಾನಿಕ್ ಅನ್ನೇ ಮನೆಗೆ ಕರೆಸಿ. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಲಗುತ್ತೆ.

ನನ್ನ ಗಾಡಿಯಲ್ಲಿ ಸಿಕ್ಕಿದ್ದು

ನನಗೆ ಉತ್ತರ ಕೊಟ್ಟಿದ್ದು ಬಿಸಿ ಪರೀಕ್ಷೆ. ಎಡ ಚಕ್ರ ಕೆಂಡ. ಬೇರೆ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದಾಗ ಕ್ಯಾಲಿಪರ್ ಜಾರುವ ಪಿನ್ ತುಕ್ಕು ಹಿಡಿದು ಕೂತಿತ್ತು. ಅದರ ರಬ್ಬರ್ ಟೋಪಿ ಹರಿದು ಕೆಸರುನೀರು ಒಳಹೊಕ್ಕಿತ್ತು. ಒಳಗಿನ ಪ್ಯಾಡ್ ತೆಳ್ಳಗೆ, ಹೊರಗಿನದು ದಪ್ಪ. ಪ್ಯಾಡ್ ಸದಾ ಉಜ್ಜಿ ಉಜ್ಜಿ ಹೊಸ ಡಿಸ್ಕನ್ನೂ ಕೆಡಿಸಿತ್ತು. ಪಿನ್, ರಬ್ಬರ್, ಪ್ಯಾಡ್ ಬದಲಿಸಿ, ಎರಡೂ ಡಿಸ್ಕ್ ಲೇತ್‌ನಲ್ಲಿ ಸಮ ಮಾಡಿಸಿದೆ. ಮೊದಲೇ ಮಾಡಿದ್ದರೆ ಒಂದು ಸಲದ ಖರ್ಚು ಉಳಿಯುತ್ತಿತ್ತು.

ನೀವು ಮಾಡಿಸುವಾಗ ಎರಡು ವಿಷಯ ನೆನಪಿಡಿ. ಡಿಸ್ಕಿನ ಕನಿಷ್ಠ ದಪ್ಪ ಸಾಮಾನ್ಯವಾಗಿ ಅದರ ಮೇಲೇ ಕೆತ್ತಿರುತ್ತೆ. ಅದಕ್ಕಿಂತ ತೆಳುವಾಗುವುದಾದರೆ ಲೇತ್ ಬೇಡ, ಹೊಸದೇ ಹಾಕಿಸಿ. ಪಿನ್ನಿಗೆ ಮಾಮೂಲಿ ಗ್ರೀಸ್ ಹಚ್ಚಬಾರದು, ರಬ್ಬರ್ ಊದಿಕೊಳ್ಳುತ್ತೆ. ಬ್ರೇಕಿಗೆಂದೇ ಬರುವ ಗ್ರೀಸ್ ಕೇಳಿ.

ಘಾಟಿ ಇಳಿಯುವಾಗ ಕೆಳಗಿನ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬರಬೇಡಿ. ಕಾದ ಚಕ್ರಕ್ಕೆ ತಕ್ಷಣ ನೀರು ಹೊಡೆಯಬೇಡಿ.

ಗ್ಯಾರೇಜಿಗೆ ಹೋಗುವ ಮುನ್ನ ಫೋನಿನಲ್ಲಿ ಬರೆದಿಟ್ಟುಕೊಳ್ಳಿ: ಎಷ್ಟು ವೇಗದಲ್ಲಿ ನಡುಗುತ್ತೆ, ಸ್ಟೇರಿಂಗೋ ಸೀಟೋ, ಯಾವ ಚಕ್ರ ಬಿಸಿ, ಯಾವ ಕೆಲಸ ಮಾಡಿಸಿದ ಮೇಲೆ ಶುರುವಾಯ್ತು. ಬಿಚ್ಚಿದಾಗ ಒಳಗಿನ, ಹೊರಗಿನ ಪ್ಯಾಡ್ ಎರಡರದ್ದೂ ಫೋಟೋ ತೆಗೆದುಕೊಳ್ಳಿ. "ಗಾಡಿ ನಡುಗುತ್ತೆ, ನೋಡಿ" ಅಂದರೆ ಡಿಸ್ಕ್ ಬದಲಾಗುತ್ತೆ. ಈ ನಾಲ್ಕು ಮಾತು ಹೇಳಿದರೆ ಕಾರಣ ಹುಡುಕುತ್ತಾರೆ.