ಇಳಿಯುವವರು ನಿಲ್ಲಲಿ, ಹತ್ತುವವರು ಬರಲಿ

2015ರ ಜನವರಿಯಲ್ಲಿ ಕಾಂಕ್ರೀಟ್ ಹಾಕುವುದಕ್ಕೆಂದು ಶಿರಾಡಿ ಘಾಟಿಯನ್ನು ಮುಚ್ಚಿದರು. ಮತ್ತೆ ತೆರೆದದ್ದು ಆಗಸ್ಟಿನಲ್ಲಿ. ಬೆಂಗಳೂರು–ಮಂಗಳೂರಿನ ನಡುವೆ ಹಗಲೂ ರಾತ್ರಿ ಓಡುತ್ತಿದ್ದ ಗಾಡಿಗಳೆಲ್ಲ ಚಾರ್ಮಾಡಿಗೂ ಸಂಪಾಜೆಗೂ ಹಂಚಿಹೋದವು. ಕಾರಿನವರಲ್ಲಿ ಕೆಲವರು ಮೊಬೈಲಿನ ನಕ್ಷೆ ನೋಡಿ ಬಿಸಿಲೆಯ ದಾರಿ ಹಿಡಿದರು. ಹೆತ್ತೂರು, ವಣಗೂರು ದಾಟಿ, ಕಾಡು ಹೊಕ್ಕು ಸುಬ್ರಹ್ಮಣ್ಯಕ್ಕೆ ಇಳಿಯುವ ದಾರಿ ಅದು. ಹತ್ತಿರದ್ದೇನೋ ಹೌದು, ಆದರೆ ಅಗಲ ಸಾಲದು.

ಆಮೇಲೆ ಶುರುವಾಯಿತು ಜಗಳ. ತಿರುವಿನಲ್ಲಿ ಎರಡು ಕಾರು ಮುಖಾಮುಖಿ. ಇಬ್ಬರದೂ ಹಾರನ್ನು, ಇಬ್ಬರದೂ ಒಂದೇ ಮಾತು: ನಾನ್ಯಾಕೆ ರಿವರ್ಸ್ ಹೋಗಬೇಕು? ಹಿಂದೆ ನಾಲ್ಕು ಕಾರು ಬಂದು ಸೇರಿದರೆ ರಿವರ್ಸ್ ಹೋಗೋಣವೆಂದರೂ ಜಾಗವಿಲ್ಲ. ಕೊನೆಗೆ ಊರಿನ ಜೀಪಿನವರು ಯಾರಾದರೂ ಇಳಿದು ಬಂದು ಹೇಳಬೇಕಿತ್ತು: "ಇಳಿಯೋರು ಸೈಡಿಗೆ ಹಾಕಿ ಸ್ವಾಮಿ, ಹತ್ತೋರು ಬಂದ್ಬಿಡ್ಲಿ." ಅಷ್ಟು ಹೇಳಿದರೆ ಗಂಟು ಬಿಚ್ಚಿಕೊಳ್ಳುತ್ತಿತ್ತು. 2018ರಲ್ಲಿ ಎರಡನೇ ಹಂತದ ಕಾಂಕ್ರೀಟಿಗೆಂದು ಜನವರಿಯಿಂದ ಜುಲೈವರೆಗೆ ಮತ್ತೆ ಘಾಟಿ ಮುಚ್ಚಿದಾಗ ಈ ಪಾಠವೂ ಮೊದಲಿನಿಂದ ಶುರುವಾಯಿತು.

ಜೀಪಿನವರು ಹೇಳಿದ್ದು ಊರಿನ ಉಪಕಾರದ ಮಾತಲ್ಲ, ಕಾನೂನು. 2017ರವರೆಗೆ ಜಾರಿಯಲ್ಲಿದ್ದ 1989ರ ರಸ್ತೆ ನಿಯಮಾವಳಿಯ 25ನೇ ನಿಯಮ ಇದನ್ನೇ ಹೇಳುತ್ತಿತ್ತು: ಬೆಟ್ಟದ ರಸ್ತೆಯಲ್ಲಿ, ಕಡಿದಾದ ಏರಿನಲ್ಲಿ, ಎರಡು ಗಾಡಿ ಅಪಾಯವಿಲ್ಲದೆ ಪಾಸಾಗುವಷ್ಟು ಅಗಲ ಇಲ್ಲದ ಕಡೆ, ಇಳಿಯುವ ಗಾಡಿ ಬದಿಗೆ ನಿಂತು ಹತ್ತುವ ಗಾಡಿಗೆ ದಾರಿ ಬಿಡಬೇಕು. ದೆಹಲಿಯಲ್ಲಿ ಕೂತು ಬರೆದವರಿಗೆ ಇದು ಎಲ್ಲಿಂದ ಹೊಳೆಯಿತೋ, ನಮ್ಮ ಘಟ್ಟದಲ್ಲಂತೂ ಅದನ್ನು ಎತ್ತುಗಳು ಮೊದಲೇ ಕಲಿಸಿದ್ದವು.

ಈ ಘಟ್ಟದಲ್ಲಿ ಎತ್ತಿನ ಗಾಡಿಗಿಂತ ಹಿಂದಿನದು ಕೋಟೆಯ ಕಾಲ. ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದಂತಹ ಮಂಜರಾಬಾದ್ ಕೋಟೆ ದೋಣಿಗಾಲಿನ ಬಳಿ ನಿಂತಿರುವುದೇ ಈ ದಾರಿಯ ಮೇಲೆ ಕಣ್ಣಿಡಲು. ಆಗ ಹತ್ತುವವರು ಮೊದಲೋ ಇಳಿಯುವವರು ಮೊದಲೋ ಎಂಬುದನ್ನು ಕೋಟೆಯ ಪಹರೆಯವರೇ ತೀರ್ಮಾನಿಸುತ್ತಿದ್ದಿರಬೇಕು. ಮುಂದೆ ಕಮಿಷನರ್ ಮಾರ್ಕ್ ಕಬ್ಬನ್ನನ ಆಡಳಿತ (1834–1861) ಮೈಸೂರಿನಲ್ಲಿ ರಸ್ತೆಗಳ ಕಾಲವಾಯಿತು. ಅದೇ ಕಾಲಕ್ಕೆ ಮಂಜರಾಬಾದಿನ ಕಾಡಿನಲ್ಲಿ ಕಾಫಿ ತೋಟಗಳೆದ್ದವು. 1850ರ ದಶಕದಲ್ಲಿ ಇಲ್ಲಿಗೆ ಬಂದು ನೆಲೆನಿಂತ ಸ್ಕಾಟ್ಲೆಂಡಿನ ಪ್ಲಾಂಟರ್ ರಾಬರ್ಟ್ ಎಲಿಯಟ್ 1871ರಲ್ಲೊಂದು, 1894ರಲ್ಲೊಂದು ಪುಸ್ತಕ ಬರೆದು ಈ ಸೀಮೆಯನ್ನು ತನ್ನ ದೇಶದವರಿಗೆ ಪರಿಚಯಿಸಿದ.

ಗಾಡಿಗಳ ಲೆಕ್ಕ ಸರಳವಾಗಿತ್ತು. ಕಾಫಿ ಮೂಟೆ ಕೆಳಗೆ, ಮಂಗಳೂರಿನ ಕ್ಯೂರಿಂಗ್ ವರ್ಕ್ಸಿಗೆ. ಉಪ್ಪು, ಒಣಮೀನು, ತೆಂಗಿನಕಾಯಿ ಮೇಲಕ್ಕೆ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚೂ ಮೇಲಕ್ಕೆ. ಇವತ್ತು ಹೋಂಸ್ಟೇ ಆಗಿರುವ ಹಳೇ ಬಂಗಲೆಯ ಮಾಡನ್ನು ಮೆಚ್ಚುವವರು, ಆ ಭಾರ ಘಟ್ಟ ಹತ್ತಿದ್ದು ಹೇಗೆಂದು ಒಮ್ಮೆ ಯೋಚಿಸಬೇಕು. ಹೆಂಚು ತುಂಬಿದ ಗಾಡಿ ಏರಿನ ನಡುವೆ ನಿಂತರೆ ಎತ್ತುಗಳು ಅದನ್ನು ಮತ್ತೆ ಎಳೆಯುವುದು ಕಷ್ಟ. ಹಿಂದಕ್ಕೆ ಜಾರಿದರೆ ಹೆಂಚೂ ಇಲ್ಲ, ಎತ್ತೂ ಇಲ್ಲ. ಇಳಿಯುವ ಗಾಡಿಗೆ ನಿಲ್ಲುವುದೇ ಕಷ್ಟ, ನಿಂತ ಮೇಲೆ ಹೊರಡುವುದು ಸುಲಭ. ಹತ್ತುವವನಿಗೆ ಹೊರಡುವುದೇ ಕಷ್ಟ. ನಿಯಮದ ಬುಡ ಇದು. ಡೀಸೆಲ್ ಲಾರಿ ಬಂದಾಗಲೂ ಈ ಲೆಕ್ಕ ತಪ್ಪಲಿಲ್ಲ.

ಇನ್ನೊಂದು ಸಂಗತಿಯನ್ನು ನಾವು ಮರೆತಿದ್ದೇವೆ. 1956ರ ನವೆಂಬರ್ 1ರವರೆಗೆ ಈ ಘಾಟಿ ಎರಡು ಸರ್ಕಾರಗಳ ಗಡಿ. ಮೇಲೆ ಸಕಲೇಶಪುರ ಮೈಸೂರಿನದು, ಕೆಳಗೆ ಶಿರಾಡಿ, ಉಪ್ಪಿನಂಗಡಿ ಮದರಾಸಿನದು. ಅರಸರ ಕಾಲದಲ್ಲಂತೂ ಘಟ್ಟ ಇಳಿದರೆ ಬ್ರಿಟಿಷ್ ಇಂಡಿಯಾ, ಹತ್ತಿದರೆ ಮಹಾರಾಜರ ಸೀಮೆ. ಪೊಲೀಸರು ಬೇರೆ, ಕಚೇರಿ ಬೇರೆ. ಏರು ಮಾತ್ರ ಒಂದೇ, ಹಾಗಾಗಿ ಶಿಸ್ತೂ ಒಂದೇ. ನಮ್ಮ ನೆರೆಯ ಗೋವಾದಲ್ಲೂ ಹೀಗೇ ಆಯಿತು. ಪೋರ್ಚುಗಲ್ 1928ರಲ್ಲಿ ಎಡಬದಿ ಬಿಟ್ಟು ಬಲಬದಿಗೆ ಹೋಯಿತು, ಅದರ ಆಳ್ವಿಕೆಯಲ್ಲಿದ್ದ ಗೋವಾ ಎಡಬದಿಯಲ್ಲೇ ಉಳಿಯಿತು. ಸುತ್ತಲಿನ ಭಾರತವೆಲ್ಲ ಎಡಕ್ಕೆ ಓಡುವಾಗ ಲಿಸ್ಬನ್ನಿನ ಮಾತು ಕೇಳಿದರೆ ಗಡಿಯಲ್ಲೇ ಡಿಕ್ಕಿ. ರಸ್ತೆಯಲ್ಲಿ ನಡೆಯುವುದು ಪಕ್ಕದವನ ಜೊತೆಗಿನ ಹೊಂದಾಣಿಕೆ. ರಾಜಧಾನಿಯ ಅಪ್ಪಣೆ ಆಮೇಲಿನದು.

ಬೆಟ್ಟ ಇದ್ದಲ್ಲೆಲ್ಲ ಜನ ಇದೇ ತೀರ್ಮಾನಕ್ಕೆ ಬಂದಿದ್ದಾರೆ. ಬ್ರಿಟನ್ನಿನ ಹೈವೇ ಕೋಡ್ ಕಿರಿದಾದ ಒಂಟಿ ರಸ್ತೆಯಲ್ಲಿ ಹತ್ತಿ ಬರುವವರಿಗೆ ಆದಷ್ಟೂ ದಾರಿ ಬಿಡಿ ಎನ್ನುತ್ತದೆ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಇಳಿಯುವವನು ಬೇಕಾದರೆ ಹಿಂದಕ್ಕೂ ಹೋಗಬೇಕು. ಸ್ವಿಟ್ಜರ್ಲೆಂಡಿನಲ್ಲಿ ಅಂಚೆ ಕೊಂಬಿನ ಚಿತ್ರವಿರುವ ನೀಲಿ ಫಲಕ ಕಂಡರೆ ಆ ಬೆಟ್ಟದ ದಾರಿಯಲ್ಲಿ ಹಳದಿ ಅಂಚೆ ಬಸ್ಸಿನ ಚಾಲಕನ ಮಾತೇ ಅಂತಿಮ. ಆತ ಮೂರು ಸ್ವರದ ಕೊಂಬು ಊದಿದರೆ ಎದುರಿನವರು ಜಾಗ ಮಾಡಿಕೊಡಬೇಕು. ಅಲ್ಲಿಗೆ ಪ್ರವಾಸ ಹೊರಡುವ ನಮ್ಮವರು ಆರ್‌ಟಿಒದಿಂದ ಒಂದು ವರ್ಷದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸುತ್ತಾರೆ, ಆ ದೇಶದ ಫಲಕಗಳನ್ನೆಲ್ಲ ಓದಿಕೊಂಡು ಹೋಗುತ್ತಾರೆ. ಸಕಲೇಶಪುರಕ್ಕೆ ಬರುವಾಗ ಅದೇ ಜನ ಏನೂ ಓದುವುದಿಲ್ಲ. ನಮ್ಮದೇ ರಾಜ್ಯವಲ್ಲವೇ!

ನಾನು ಕಂಡ ಘಾಟಿ ಲಾರಿಯವರದು. 1970ರ ದಶಕದಲ್ಲಿ ನವ ಮಂಗಳೂರು ಬಂದರು ಶುರುವಾದ ಮೇಲೆ ಈ ದಾರಿಯ ಭಾರ ಬೇರೆಯೇ ಆಯಿತು. ಆಮೇಲೆ ಟ್ಯಾಂಕರುಗಳೂ ಬಂದವು. ಕಿರಿದಾದ ರಸ್ತೆಯಲ್ಲಿ ಅಷ್ಟೊಂದು ಗಾಡಿಗಳನ್ನು ದಾಟಿಸಿದ್ದು ಬೋರ್ಡುಗಳಲ್ಲ, ಡ್ರೈವರು–ಕ್ಲೀನರುಗಳ ಶಿಸ್ತು. ಹತ್ತುವ ಗೇರಿನಲ್ಲೇ ಇಳಿಯಬೇಕು. ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್ ಮಾಡಿದವನನ್ನು ಮಾರನಹಳ್ಳಿಯ ಚಹಾದಂಗಡಿಯಲ್ಲಿ ಯಾರೂ ಮಾತನಾಡಿಸುತ್ತಿರಲಿಲ್ಲ. ಬ್ರೇಕಿನ ಲೈನರ್ ಕಾದ ವಾಸನೆ ಬಂದರೆ ನಿಲ್ಲಿಸಿ ಆರಿಸಬೇಕು, ನೀರು ಹುಯ್ಯಬಾರದು. ಗಾಡಿ ಕೆಟ್ಟರೆ ಕ್ಲೀನರು ಹಾರಿ ಇಳಿದು ಮೊದಲು ಗಾಲಿಗೆ ಕಲ್ಲು ಕೊಡಬೇಕು, ಆಮೇಲೆ ತಿರುವಿನಾಚೆ ಸೊಪ್ಪಿನ ಕೊಂಬೆ ಹಾಕಬೇಕು. ಹೊರಡುವಾಗ ಆ ಕಲ್ಲು ಎತ್ತಿ ಬದಿಗೆಸೆಯಬೇಕು. ಎಸೆಯದೆ ಹೋದವನಿಗೆ ಹಿಂದಿನ ಹತ್ತು ಗಾಡಿಯವರ ಬೈಗುಳ. ಇದನ್ನೆಲ್ಲ ಯಾರೂ ಬರೆದಿಡಲಿಲ್ಲ. ಕ್ಲೀನರು ಡ್ರೈವರಾಗುವಷ್ಟರಲ್ಲಿ ಬಾಯಿಪಾಠವಾಗಿರುತ್ತಿತ್ತು. ಈಗ ಎಷ್ಟೋ ಲಾರಿಗಳಲ್ಲಿ ಕ್ಲೀನರೇ ಇಲ್ಲ.

ಹೊರದೇಶದಿಂದ ಬಂದವರು ಎಡವುವುದು ದೀಪದ ಭಾಷೆಯಲ್ಲಿ. ಇಂಗ್ಲೆಂಡಿನ ರೂಢಿಯಲ್ಲಿ ಎದುರಿನವನು ಹೆಡ್‌ಲೈಟ್ ಮಿನುಗಿಸಿದರೆ ಸಾಮಾನ್ಯವಾಗಿ "ನೀವು ಬನ್ನಿ" ಎಂದರ್ಥ. ನಮ್ಮಲ್ಲಿ ಅದು "ನಾನು ಬರ್ತಾ ಇದೀನಿ, ನೀವು ನಿಲ್ಲಿ." ಇದನ್ನು ತಿಳಿಯದೆ ಮುಂದೆ ನುಗ್ಗಿದರೆ ಕಥೆ ಮುಗಿಯಿತು. ಬೆಂಗಳೂರಿನವರ ಕಾಯಿಲೆ ಬೇರೆ: ಮಂಜಿನಲ್ಲಿ ಹೈ ಬೀಮ್ ಹಾಕುವುದು. ಮಂಜಿಗೆ ಬಿದ್ದ ಬೆಳಕು ತಿರುಗಿ ಹಾಕಿದವನ ಕಣ್ಣಿಗೇ ರಾಚುತ್ತದೆ. ಡಿಮ್ ಮಾಡಿ, ಎಡಬದಿಯ ಅಂಚು ನೋಡಿಕೊಂಡು ನಿಧಾನ ಹೋಗುವುದೊಂದೇ ದಾರಿ.

ಘಾಟಿಯಲ್ಲಿ ಕಲಿತ ಒಂದು ಪಾಠವನ್ನು ಮಾತ್ರ ಆಲೂರು, ಯಸಳೂರು ಕಡೆ ಬಿಡಬೇಕು. ಕಾಣದ ತಿರುವಿನಲ್ಲಿ ಹಾರನ್ ಹೊಡಿ ಎನ್ನುತ್ತದೆ ಘಾಟಿ. ಆನೆ ಕಂಡರೆ ಹಾರನ್ ಮುಟ್ಟಬೇಡ ಎನ್ನುತ್ತದೆ ತೋಟದ ದಾರಿ. ಈ ಕಡೆಯ ಆನೆ–ಮನುಷ್ಯರ ಸಂಘರ್ಷದ ಬಗ್ಗೆಯೂ ಹೈಕೋರ್ಟ್ ನೇಮಿಸಿದ ಆನೆ ಕಾರ್ಯಪಡೆ 2012ರಲ್ಲೇ ವರದಿ ಕೊಟ್ಟಿದೆ. ಎಂಟು ಸಲ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆಯೊಡನೆ ಕಾದಾಡಿ ಸತ್ತದ್ದು ಯಸಳೂರು ವಲಯದ ದಬ್ಬಳ್ಳಿಕಟ್ಟೆಯಲ್ಲಿ. ಅವನ ಸಮಾಧಿ ನೋಡಲು ಬರುವವರು, ಅವನು ಹಿಡಿಯಲು ಹೋದಂಥ ಆನೆಗಳು ಅದೇ ರಸ್ತೆ ದಾಟುತ್ತವೆ ಎಂಬುದನ್ನು ನೆನಪಿಡಬೇಕು. ದೂರದಲ್ಲೇ ನಿಲ್ಲಿಸಿ, ಇಳಿಯಬೇಡಿ, ಲೈಟ್ ಮಿನುಗಿಸಬೇಡಿ, ಫೋಟೊ ಬೇಡ. ಹಿಂದೆ ಮರಿ ಇರಬಹುದು, ಹಿಂಡೇ ಇರಬಹುದು.

ನನಗೆ ಸಿಟ್ಟು ಬರುವುದು ಪ್ರವಾಸಿಗರ ಮೇಲಲ್ಲ. ಆ 25ನೇ ನಿಯಮದಲ್ಲಿ ಒಂದು ಷರತ್ತಿತ್ತಲ್ಲ, "ಅಗಲ ಇಲ್ಲದ ಕಡೆ" ಎಂದು. ನಾವು ಹೆದ್ದಾರಿಯನ್ನು ಅಗಲಿಸುತ್ತಾ ಆ ಷರತ್ತನ್ನೇ ಅಳಿಸುತ್ತಾ ಬಂದೆವು. ನಿಲ್ಲುವ ಅಗತ್ಯ ತಪ್ಪಿತು, ನಿಲ್ಲುವ ಅಭ್ಯಾಸವೂ ತಪ್ಪಿತು. ಅಗಲಕ್ಕೆಂದು ಗುಡ್ಡವನ್ನು ನೆಟ್ಟಗೆ ಕಡಿದೆವು. 2024ರ ಜುಲೈ ಮಳೆಗೆ ದೊಡ್ಡತಪ್ಪಲೆಯಲ್ಲಿ ಮಣ್ಣು ರಸ್ತೆಗೇ ಬಂತು, ಸಂಚಾರ ಮತ್ತೆ ನಿಂತಿತು. ಇಷ್ಟಾದರೂ ಅಗಲವಾದದ್ದು ಹೆದ್ದಾರಿ ಮಾತ್ರ. ಹೋಂಸ್ಟೇಗಳು ಹೆದ್ದಾರಿಯಲ್ಲಿಲ್ಲ. ಅವು ಹೆತ್ತೂರಿನಲ್ಲಿವೆ, ಹಾನುಬಾಳಿನಲ್ಲಿವೆ, ಬಿಸಿಲೆಯ ಬದಿಯಲ್ಲಿವೆ. ನಾಲ್ಕು ಪಥದಲ್ಲಿ ನೂರರ ವೇಗಕ್ಕೆ ಒಗ್ಗಿದ ಕಾಲು, ಹೆದ್ದಾರಿ ಬಿಟ್ಟು ಐದು ನಿಮಿಷಕ್ಕೆ, ಆ ಷರತ್ತು ಪೂರ್ತಿ ಜೀವಂತವಾಗಿರುವ ಏರಿಗೆ ಬಂದಿರುತ್ತದೆ. ಅದನ್ನು ಹೇಳಿಕೊಡಲು ಹಿಂದಿನ ಸೀಟಿನಲ್ಲಿ ಕ್ಲೀನರಿಲ್ಲ.

ಇದಕ್ಕೆ ಸರ್ಕಾರವನ್ನು ಕಾಯಬೇಕಿಲ್ಲ. ರೂಮು ಬುಕ್ ಆದ ಕೂಡಲೇ ಹೋಂಸ್ಟೇಯವರು ವಾಟ್ಸ್ಆ್ಯಪಿನಲ್ಲಿ ಲೊಕೇಶನ್, ಊಟದ ಹೊತ್ತು, ವೈಫೈ ಪಾಸ್‌ವರ್ಡು ಕಳಿಸುತ್ತಾರೆ. ಅದರ ಕೆಳಗೆ ಇಷ್ಟನ್ನು ಸೇರಿಸಲಿ: ಇಳಿಯುವಾಗ ಎದುರು ಗಾಡಿ ಬಂದರೆ ನೀವು ನಿಲ್ಲಿ. ಹತ್ತಿದ ಗೇರಿನಲ್ಲೇ ಇಳಿಯಿರಿ. ಮಂಜಿದ್ದರೆ ಲೈಟ್ ಡಿಮ್ ಮಾಡಿ. ಆನೆ ಕಂಡರೆ ಹಾರನ್ ಬೇಡ, ಹಿಂದಕ್ಕೆ ಹೋಗಿ ನಮಗೆ ಫೋನ್ ಮಾಡಿ.